ಹೆದರಿಕೆ ಬೇರೆ, ಎಚ್ಚರಿಕೆ ಬೇರೆ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ರೋಗದ ಲಕ್ಷಣ, ಔಷಧಿಗಳ ಬಗ್ಗೆ ಕೇಳಿದವಲ್ಲ. ಮನೆಯವರಿಗೆ, ಊರಿನವರಿಗೆ ಅಪಾಯವನ್ನು ಹೇಗೆ ತಿಳಿಸಿ ಹೇಳಬೇಕು, ಹೇಳಿದರೂ ಏಕೆ ಕೇಳುವುದಿಲ್ಲ ಎಂದು ಕೇಳಿದವು. ಸರ್ಕಾರಿ ಆಸ್ಪತ್ರೆಗಳಲ್ಲಿ ಕಳೆದ ಇಪ್ಪತ್ತೇಳು ವರ್ಷಗಳಲ್ಲಿ ನನ್ನನ್ನೂ ಅತಿ ಹೆಚ್ಚು ಕಾಡಿದ ಪ್ರಶ್ನೆ ಇದೇ ಆಗಿರುವುದರಿಂದ ಆರು ಪತ್ರಗಳನ್ನು ಆರಿಸಿಕೊಂಡು ಸ್ವಲ್ಪ ವಿಸ್ತಾರವಾಗಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಯಜಮಾನರಿಗೆ 44 ವರ್ಷ, ಹಾರ್ಡ್‌ವೇರ್ ಅಂಗಡಿ ಇದೆ. 2025ರ ಜೂನ್, ಜುಲೈ ತಿಂಗಳಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿ ದಿನಕ್ಕೊಂದು ಬರುತ್ತಿದ್ದಾಗ ಇವರು ರಾತ್ರಿಯೆಲ್ಲ ನಿದ್ದೆ ಮಾಡುತ್ತಿರಲಿಲ್ಲ. ಕೊನೆಗೆ ನಾಲ್ಕು ಜನ ಸ್ನೇಹಿತರ ಜೊತೆ ಬೆಳಗಿನ ಜಾವವೇ ಮೈಸೂರಿಗೆ ಹೋಗಿ, ಸರದಿಯಲ್ಲಿ ನಿಂತು ಇಸಿಜಿ ಮಾಡಿಸಿಕೊಂಡು ಬಂದರು. ‘ನಾರ್ಮಲ್’ ಎಂದು ಬರೆದುಕೊಟ್ಟರಂತೆ. ಅವತ್ತಿನಿಂದ ‘ನನ್ನ ಹಾರ್ಟ್ ಗಟ್ಟಿ ಇದೆ’ ಎನ್ನುತ್ತಾರೆ. ದಿನಕ್ಕೊಂದು ಪ್ಯಾಕು ಸಿಗರೇಟು ಮಾತ್ರ ನಿಂತಿಲ್ಲ. ಕೇಳಿದರೆ, ‘ಅದೆಲ್ಲ ಕೋವಿಡ್ ಲಸಿಕೆಯಿಂದ ಆಗುತ್ತಿರುವುದು’ ಎಂದು ನನ್ನ ಬಾಯಿ ಮುಚ್ಚಿಸುತ್ತಾರೆ. ನಾನು ಏನೆಂದು ಹೇಳಲಿ? (ಹೆಸರು ಬೇಡ ಎಂದಿದ್ದಾರೆ)

ಉತ್ತರ: ಮೊದಲು ಅವರ ಭಯವನ್ನು ಅರ್ಥ ಮಾಡಿಕೊಳ್ಳೋಣ, ಏಕೆಂದರೆ ಅದು ಸುಳ್ಳು ಭಯವೇನೂ ಆಗಿರಲಿಲ್ಲ. ಸುಮಾರು 40 ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವಿನ ಸುದ್ದಿ ಬಂತು. ಅವುಗಳಲ್ಲಿ ಹಲವರು ಕಿರಿಯರು. ಕಣ್ಣೆದುರು ಒಂದರ ಮೇಲೊಂದು ಉದಾಹರಣೆ ಬಂದು ಬಿದ್ದಾಗ, ‘ಇದು ಎಲ್ಲೆಲ್ಲೂ ಆಗುತ್ತಿದೆ’ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಸುಲಭವಾಗಿ ನೆನಪಿಗೆ ಬರುವುದೇ ಹೆಚ್ಚಾಗಿ ನಡೆಯುವುದು ಎಂದು ನಾವು ಎಣಿಸುತ್ತೇವೆಂಬುದನ್ನು ಮನಃಶಾಸ್ತ್ರಜ್ಞರಾದ ಆಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1973ರಲ್ಲೇ ತೋರಿಸಿಕೊಟ್ಟರು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ ಹೃದ್ರೋಗ ಆಸ್ಪತ್ರೆಗಳ ಮುಂದೆ ಹೀಗೆಯೇ ಜನ ಸಾಲುಗಟ್ಟಿದ್ದರು.

ಈಗ ಒಂದು ಕಾಗದ, ಪೆನ್ನು ತೆಗೆದುಕೊಳ್ಳಿ. 2011ರ ಜನಗಣತಿಯ ಪ್ರಕಾರ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಸುಮಾರು ಆರು ಮಂದಿ ಒಂದಲ್ಲ ಒಂದು ಕಾರಣದಿಂದ ಸಾಯುತ್ತಾರೆ. ಎಂದರೆ ಆ ಜಿಲ್ಲೆಯೊಂದರಲ್ಲೇ ತಿಂಗಳಿಗೆ ಸುಮಾರು 900 ಸಾವು. ದೇಶದ ಸಾವುಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಆಗುತ್ತವೆ. ಹಾಗಾದರೆ ಯಾವ ಸುದ್ದಿಯೂ ಇಲ್ಲದ ಸಾಮಾನ್ಯ ತಿಂಗಳಲ್ಲೂ ಇನ್ನೂರಕ್ಕೂ ಹೆಚ್ಚು ಮನೆಗಳಲ್ಲಿ ಇದೇ ದುಃಖ ನಡೆಯುತ್ತಿರುತ್ತದೆ. ಅವರಲ್ಲಿ ವಯಸ್ಸಾದವರೇ ಹೆಚ್ಚು, ಕಿರಿಯರ ಸಾವಿನ ನೋವನ್ನು ಈ ಲೆಕ್ಕ ಕಡಿಮೆ ಮಾಡುವುದಿಲ್ಲ. ಆದರೆ ಬೆಂಕಿ ಜೂನ್ ತಿಂಗಳಲ್ಲಿ ಹೊಸದಾಗಿ ಹತ್ತಿಕೊಂಡದ್ದಲ್ಲ, ಬಹಳ ದಿನದಿಂದ ಉರಿಯುತ್ತಲೇ ಇತ್ತು ಎಂಬುದನ್ನು ಅದು ಹೇಳುತ್ತದೆ. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ನೇಮಿಸಿದ ಸಮಿತಿಯೂ ಪರಿಶೀಲಿಸಿ, ಹಠಾತ್ ಹೃದಯ ಸಾವುಗಳಲ್ಲಿ ಅಸಹಜ ಏರಿಕೆ ಕಾಣುವುದಿಲ್ಲ, ಕೋವಿಡ್ ಸೋಂಕಿಗಾಗಲಿ ಲಸಿಕೆಗಾಗಲಿ ಸಂಬಂಧ ಕಾಣುವುದಿಲ್ಲ ಎಂದು ವರದಿ ಕೊಟ್ಟಿತು. ಸಮಿತಿ ಬೆರಳು ಮಾಡಿದ್ದು ಹಳೆಯ ಕಾರಣಗಳ ಕಡೆಗೇ: ಧೂಮಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಬ್ಬು, ಮನೆತನದ ಇತಿಹಾಸ.

ಹಾಗಿದ್ದೂ ನಿಮ್ಮ ಯಜಮಾನರಿಗೆ ಸಿಗರೇಟಿಗಿಂತ ಲಸಿಕೆಯೇ ಭಯಾನಕವಾಗಿ ಕಾಣುವುದು ಏಕೆ? ಅಮೆರಿಕದ ಪಾಲ್ ಸ್ಲೋವಿಕ್ ಎಂಬ ಸಂಶೋಧಕರು 1987ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದಕ್ಕೆ ಒಳ್ಳೆಯ ವಿವರಣೆ ಇದೆ. ಹೊಸದು, ಕಣ್ಣಿಗೆ ಕಾಣದ್ದು, ಬೇರೆಯವರು ನಮ್ಮ ಮೇಲೆ ಹೇರಿದ್ದು, ನಮ್ಮ ಹಿಡಿತದಲ್ಲಿಲ್ಲದ್ದು ಅಪಾಯಕಾರಿ ಎನಿಸುತ್ತದೆ. ಹಳೆಯದು, ಪರಿಚಿತವಾದದ್ದು, ನಾವೇ ಆರಿಸಿಕೊಂಡದ್ದು ಹಾಗೆನಿಸುವುದಿಲ್ಲ. ಲಸಿಕೆಯನ್ನು ಬೇರೆಯವರು ಚುಚ್ಚಿದರು. ಸಿಗರೇಟನ್ನು ಇಪ್ಪತ್ತು ವರ್ಷದಿಂದ ತಮ್ಮ ಕೈಯಾರೆ ಹಚ್ಚುತ್ತಿದ್ದಾರೆ. ಜೊತೆಗೆ, ತಪ್ಪನ್ನು ಲಸಿಕೆಯ ಮೇಲೆ ಹೊರಿಸಿದರೆ ಇವತ್ತು ತಾವು ಏನನ್ನೂ ಬಿಡಬೇಕಾಗಿಲ್ಲ.

ಇಸಿಜಿಯ ವಿಷಯ ಅವರಿಗೆ ಯಾರೂ ಬಿಡಿಸಿ ಹೇಳಿದಂತೆ ಕಾಣುವುದಿಲ್ಲ. ಮಲಗಿದ್ದಾಗ ತೆಗೆದ ಇಸಿಜಿ ಆ ಕೆಲವು ಸೆಕೆಂಡುಗಳಲ್ಲಿ ಹೃದಯದ ವಿದ್ಯುತ್ ಚಲನೆ ಹೇಗಿತ್ತು ಎಂಬುದನ್ನು ಮಾತ್ರ ತೋರಿಸುತ್ತದೆ. ರಕ್ತನಾಳದ ಒಳಗೆ ಕೊಬ್ಬು ಕಟ್ಟಿಕೊಂಡಿದೆಯೇ, ಅದು ನಾಳೆ ಒಡೆದು ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆಯೇ ಎಂಬುದನ್ನು ಅದು ಹೇಳಲಾರದು. ಆದ್ದರಿಂದ ಆ ಕಾಗದ ಅವರ ಭಯವನ್ನು ತೆಗೆದುಹಾಕಿತು, ಅಪಾಯವನ್ನಲ್ಲ.

ಇನ್ನು ನೀವು ಹೇಳಬೇಕಾದದ್ದು. ‘ಹೀಗೇ ಸೇದುತ್ತಿದ್ದರೆ ನೀವೂ ಹೋಗುತ್ತೀರಿ’ ಎಂದು ದಯವಿಟ್ಟು ಹೇಳಬೇಡಿ. ಆ ಮಾತಿಗೆ ಮನುಷ್ಯ ಒಂದೋ ಸಿಟ್ಟಾಗುತ್ತಾನೆ, ಇಲ್ಲವೇ ಎದ್ದು ಹೊರಗೆ ಹೋಗಿ ಇನ್ನೊಂದು ಸಿಗರೇಟು ಹಚ್ಚುತ್ತಾನೆ. ಬದಲಿಗೆ, ಸಿಗರೇಟು ಬಿಟ್ಟ ಒಂದು ವರ್ಷದಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದನ್ನು ಹೇಳಿ. ಇಪ್ಪತ್ತು ವರ್ಷ ಸೇದಿದವರಿಗೆ ‘ಆಗುವ ಹಾನಿ ಆಗಿಹೋಗಿದೆ’ ಎಂಬ ನಿರಾಶೆ ಒಳಗೊಳಗೇ ಇರುತ್ತದೆ, ಅದನ್ನು ಈ ಒಂದು ಮಾತು ಕರಗಿಸಬಲ್ಲದು. ಅವರ ಅಂಗಡಿಗೆ ರಜೆಯಿರುವ ದಿನವನ್ನೇ ನೋಡಿ, ಖಾಲಿ ಹೊಟ್ಟೆಯ ಸಕ್ಕರೆ, ಬಿಪಿ, ಕೊಲೆಸ್ಟರಾಲ್ ಈ ಮೂರನ್ನೂ ಪರೀಕ್ಷೆ ಮಾಡಿಸಲು ಇಬ್ಬರೂ ಒಟ್ಟಿಗೆ ಹೋಗಿ. ನಿಮ್ಮದನ್ನೂ ಮಾಡಿಸಿಕೊಳ್ಳಿ.

ಒಂದು ಮಾತನ್ನು ಮಾತ್ರ ಈಗಲೇ ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿರಿ. ಎದೆ ಒತ್ತಿದಂತಾಗಿ, ಎಡಗೈಗೋ ದವಡೆಗೋ ನೋವು ಹರಿದು, ತಣ್ಣನೆಯ ಬೆವರು ಬಂದರೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು, ಜೀರಿಗೆ ಕಷಾಯ ಮಾಡಿಕೊಂಡು ಕಾಯಬಾರದು. ನಮ್ಮ ನಾಡಿನಲ್ಲಿ ಗ್ಯಾಸ್ಟ್ರಿಕ್ ಎಂಬ ಈ ಒಂದು ಪದ ಎಷ್ಟು ಜನರ ಅಮೂಲ್ಯವಾದ ಮೊದಲ ಗಂಟೆಯನ್ನು ನುಂಗಿದೆಯೆಂದು ನೆನೆದರೆ ಸಂಕಟವಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ನೋವು ಸರಿಯಾಗಿ ಕಾಣಿಸದೆಯೂ ಇರಬಹುದು. ಪುನೀತ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಅದು ಇದೆಯೇ ಎಂದು ಇವತ್ತೇ ಕೇಳಿ ತಿಳಿದುಕೊಳ್ಳಿ. 108ನ್ನು ಇಬ್ಬರ ಫೋನಿನಲ್ಲೂ ಉಳಿಸಿಟ್ಟುಕೊಳ್ಳಿ.

ಪ್ರಶ್ನೆ: ಮುಟ್ಟಿನ ತೊಂದರೆಗೆಂದು ವೈದ್ಯರು ಹಾರ್ಮೋನು ಮಾತ್ರೆ ಬರೆದುಕೊಟ್ಟಿದ್ದರು. ‘ಈ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟು’ ಎಂಬ ಸುದ್ದಿಯನ್ನು ಮೊಬೈಲಿನಲ್ಲಿ ಓದಿದ ರಾತ್ರಿಯೇ ಹೆದರಿ ನಿಲ್ಲಿಸಿದೆ. ಸರಿ ಮಾಡಿದೆನೇ? (31 ವರ್ಷ, ಬೆಂಗಳೂರು)

ಉತ್ತರ: ‘ಎರಡು ಪಟ್ಟು’ ಎಂದು ಓದಿದಾಗ ನೀವು ಮೊದಲು ಕೇಳಬೇಕಾದದ್ದು, ‘ಯಾವುದರ ಎರಡು ಪಟ್ಟು?’ ಎಂದು. ಇದನ್ನು ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನಲ್ಲಿ ನಡೆದ ಘಟನೆಯನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಪ್ರತಿವರ್ಷವೂ ಹೇಳುತ್ತೇನೆ. 1995ರ ಅಕ್ಟೋಬರ್‌ನಲ್ಲಿ ಅಲ್ಲಿನ ಔಷಧ ಸುರಕ್ಷತಾ ಸಮಿತಿಯು, ಆಗ ಹೊಸದಾಗಿ ಬಂದಿದ್ದ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹಳೆಯ ಮಾತ್ರೆಗಳಿಗಿಂತ ಎರಡು ಪಟ್ಟು ಎಂದು ವೈದ್ಯರಿಗೂ ಪತ್ರಿಕೆಗಳಿಗೂ ತಿಳಿಸಿತು. ಅದು ನಿಜವೇ ಆಗಿತ್ತು. ಹಳೆಯ ಮಾತ್ರೆ ನುಂಗುವ ಸುಮಾರು 7,000 ಮಹಿಳೆಯರಲ್ಲಿ ಒಬ್ಬರಿಗೆ ಹೆಪ್ಪುಗಟ್ಟುತ್ತಿದ್ದರೆ, ಹೊಸದನ್ನು ನುಂಗುವ 7,000 ಮಹಿಳೆಯರಲ್ಲಿ ಇಬ್ಬರಿಗೆ. ಏರಿಕೆಯಾದದ್ದು 7,000ಕ್ಕೆ ಒಂದು. ಆದರೆ ಜನರ ಕಿವಿಗೆ ಬಿದ್ದದ್ದು ‘ಎರಡು ಪಟ್ಟು’ ಎಂಬುದಷ್ಟೇ. ಸಾವಿರಾರು ಹೆಣ್ಣುಮಕ್ಕಳು ಮಾತ್ರೆಯನ್ನು ಒಂದೇ ಏಟಿಗೆ ಬಿಟ್ಟರು, ಬೇಡದ ಬಸಿರು ನಿಂತವು, ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಗರ್ಭಪಾತಗಳು ಸುಮಾರು 13,000ದಷ್ಟು ಹೆಚ್ಚಿದವು. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಯದಕ್ಕಿಂತ ಹೆಚ್ಚು ಎಂಬುದನ್ನು ಯಾರೂ ಸಮಾಧಾನದಿಂದ ಕುಳಿತು ಹೇಳಲಿಲ್ಲ.

ಒಂದೇ ಸತ್ಯವನ್ನು ಎರಡು ರೀತಿಯಲ್ಲಿ ಹೇಳಿದಾಗ ವೈದ್ಯರಾದ ನಾವೂ ಎರಡು ರೀತಿಯಲ್ಲಿ ತೀರ್ಮಾನಿಸುತ್ತೇವೆ. 1982ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ಬಗ್ಗೆ ಕೆಲವರಿಗೆ ‘ನೂರರಲ್ಲಿ 90 ಜನ ಬದುಕುತ್ತಾರೆ’ ಎಂದೂ, ಇನ್ನು ಕೆಲವರಿಗೆ ‘ನೂರರಲ್ಲಿ 10 ಜನ ಸಾಯುತ್ತಾರೆ’ ಎಂದೂ ಹೇಳಲಾಯಿತು. ಬದುಕಿನ ಲೆಕ್ಕ ಕೇಳಿದವರು ಶಸ್ತ್ರಚಿಕಿತ್ಸೆಯನ್ನು ಹೆಚ್ಚಾಗಿ ಒಪ್ಪಿದರು, ಸಾವಿನ ಲೆಕ್ಕ ಕೇಳಿದವರು ಹಿಂಜರಿದರು. ಉತ್ತರಿಸಿದವರಲ್ಲಿ ವೈದ್ಯರೂ ಇದ್ದರು.

ನಿಮ್ಮ ವಿಷಯಕ್ಕೆ ಬಂದರೆ, ನೀವು ಸಿಗರೇಟು ಸೇದುವವರಾಗಿದ್ದರೆ, ಬಿಪಿ ಇದ್ದರೆ, ಕಣ್ಣಿಗೆ ಬೆಳಕಿನ ಗೆರೆಗಳು ಕಾಣಿಸಿ ಬರುವ ಮೈಗ್ರೇನ್ ತಲೆನೋವು ಇದ್ದರೆ, ನಿಮಗಾಗಲಿ ಹತ್ತಿರದ ರಕ್ತಸಂಬಂಧಿಗಳಿಗಾಗಲಿ ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ ಈ ಮಾತ್ರೆ ನಿಮಗೆ ತಕ್ಕದ್ದಲ್ಲದಿರಬಹುದು. ಅವನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು, ಮಾತ್ರೆ ಕೊಟ್ಟ ವೈದ್ಯರ ಬಳಿಗೇ ಈ ವಾರ ಹೋಗಿ. ‘ನನ್ನಂಥ ಹತ್ತು ಸಾವಿರ ಜನರಲ್ಲಿ ಎಷ್ಟು ಜನರಿಗೆ ಹೀಗಾಗುತ್ತದೆ?’ ಎಂದು ನೇರವಾಗಿ ಕೇಳಿ. ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಇವೆರಡಕ್ಕೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ನಾನು ಮಲೆನಾಡಿನಲ್ಲಿ ಆಶಾ ಕಾರ್ಯಕರ್ತೆ. ಮಂಗನ ಕಾಯಿಲೆಯ ಕಾಲ ಬಂತೆಂದರೆ ಮನೆಮನೆಗೆ ಹೋಗಿ ‘ಕಾಡಿಗೆ ಹೋಗಬೇಡಿ, ಸತ್ತುಹೋಗುತ್ತೀರಿ’ ಎಂದು ಹೇಳಿ ಬರುತ್ತೇನೆ. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿ ಕೊಟ್ಟರೆ ಇಸಿದುಕೊಂಡು ಅಟ್ಟದ ಮೇಲೆ ಇಡುತ್ತಾರೆ. ‘ನಮ್ಮ ಕಡೆ ಮಂಗವೇ ಸತ್ತಿಲ್ಲ’ ಎನ್ನುತ್ತಾರೆ. ಹಿಂದೆ ಲಸಿಕೆಗೂ ಹೀಗೆಯೇ ಮಾಡಿದರು. ಜನ ಸಾಯಲೆಂದೇ ಹೀಗೆ ಮಾಡುತ್ತಾರೆಯೇ ಎಂದು ಒಮ್ಮೊಮ್ಮೆ ಅಳು ಬರುತ್ತದೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದೆ. ಒಂದು ಸಂಜೆ ಶಾಲೆಯ ಜಗಲಿಯ ಮೇಲೆ ನಿಂತು ನಾನೂ ಇದೇ ಭಾಷಣ ಮಾಡಿದ್ದೆ. ಎಲ್ಲ ಮುಗಿದ ಮೇಲೆ ಹಿಂದೆ ಕುಳಿತಿದ್ದ ಅಜ್ಜಿಯೊಬ್ಬರು ಎದ್ದು, ‘ಕಾಡಿಗೆ ಹೋಗಬ್ಯಾಡ ಅಂದ್ರಿ, ಸರಿ. ಕೊಟ್ಟಿಗೆಗೆ ಸೊಪ್ಪು ನೀವು ತಂದುಕೊಡ್ತೀರಾ?’ ಎಂದು ಕೇಳಿದರು. ಯಾರೂ ನಗಲಿಲ್ಲ. ನನ್ನ ಬಳಿ ಉತ್ತರವೂ ಇರಲಿಲ್ಲ. ಸೊಪ್ಪು, ದರಗು (ಒಣಗಿ ಉದುರಿದ ಎಲೆ), ಸೌದೆ ಇಲ್ಲದೆ ಮಲೆನಾಡಿನ ಮನೆ ನಡೆಯುವುದಿಲ್ಲ. ಮಾಡಲಾಗದ ಕೆಲಸವನ್ನು ಮಾಡಿ ಎಂದು ಹೇಳಿ, ಮಾಡದಿದ್ದರೆ ಸಾವು ಎಂದು ಹೆದರಿಸಿದರೆ, ಮನುಷ್ಯ ಆ ಭಯವನ್ನು ಹೊತ್ತುಕೊಂಡು ಬದುಕಲಾರ. ಆದ್ದರಿಂದ ಭಯವನ್ನೇ ಪಕ್ಕಕ್ಕೆ ಸರಿಸಿಬಿಡುತ್ತಾನೆ. ‘ನಮ್ಮ ಕಡೆ ಮಂಗ ಸತ್ತಿಲ್ಲ’ ಎಂಬ ಮಾತು ಹೀಗೆ ಹುಟ್ಟಿಕೊಳ್ಳುತ್ತದೆ.

ಆ ಮಾತಿಗೆ ಕಾಯಿಲೆಯ ಹೆಸರೂ ಸ್ವಲ್ಪ ಕಾರಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಅದರ ಹಿಂದೆಯೇ ಜನರಿಗೆ ಜ್ವರ ಬಂದಾಗ ಈ ವೈರಾಣು ಪತ್ತೆಯಾಯಿತು. ವೈದ್ಯಕೀಯದಲ್ಲಿ ಆ ಕಾಡಿನ ಹೆಸರೂ ಜನರ ಬಾಯಲ್ಲಿ ಮಂಗನ ಹೆಸರೂ ನಿಂತವು. ಹಾಗಾಗಿ ಜನ ಮರದ ಮೇಲೆ ನೋಡುತ್ತಾರೆ, ಅಪಾಯ ಇರುವುದು ಕಾಲಿನ ಕೆಳಗೆ. ರೋಗವನ್ನು ಹತ್ತಿಸುವುದು ಉಣುಗು. ಅದರಲ್ಲೂ ಮಳೆಗಾಲ ಮುಗಿದ ಮೇಲೆ ದರಗಿನಲ್ಲಿ ಹರಡಿಕೊಳ್ಳುವ, ಚುಕ್ಕೆಯಷ್ಟೇ ಇರುವ ಮರಿ ಉಣುಗು ಕಚ್ಚಿದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮಂಗ ಎಲ್ಲೋ ಒಳಗಿನ ಕಾಡಿನಲ್ಲಿ ಸತ್ತು ಬಿದ್ದಿದ್ದರೆ ನಿಮ್ಮ ಊರಿನವರ ಕಣ್ಣಿಗೆ ಕಾಣಬೇಕೆಂದೇನೂ ಇಲ್ಲ. ನೀವು ಮಾತನಾಡುವಾಗ ಮಂಗನ ಬದಲು ಉಣುಗಿನಿಂದ ಶುರು ಮಾಡಿ ನೋಡಿ. ಉಣುಗನ್ನು ಎಲ್ಲರೂ ನೋಡಿದ್ದಾರೆ, ದನದ ಮೈಯಿಂದ ಕಿತ್ತಿದ್ದಾರೆ. ಅದು ಅವರ ದಿನದ ಬದುಕಿನ ಮಾತಾಗುತ್ತದೆ.

ಭಯ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಹೋವರ್ಡ್ ಲೆವೆಂತಾಲ್ ಮತ್ತು ಸಂಗಡಿಗರು ಪರೀಕ್ಷಿಸಿ ನೋಡಿ, 1965ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ಪುಸ್ತಿಕೆ ಕೊಟ್ಟರು. ಕೆಲವರದ್ದು ತೀರ ಭಯ ಹುಟ್ಟಿಸುವಂಥದ್ದು, ಕೆಲವರದ್ದು ಸೌಮ್ಯವಾದದ್ದು. ಹೆಚ್ಚು ಹೆದರಿದವರು ಲಸಿಕೆ ಬಹಳ ಮುಖ್ಯ ಎಂದು ಒಪ್ಪಿಕೊಂಡರು, ಆದರೆ ನಿಜವಾಗಿ ಹೋಗಿ ಹಾಕಿಸಿಕೊಂಡವರು ನೂರಕ್ಕೆ ಸುಮಾರು 3 ಮಂದಿ. ಇನ್ನೊಂದು ಗುಂಪಿಗೆ ಪುಸ್ತಿಕೆಯ ಜೊತೆಗೆ ಆರೋಗ್ಯ ಕೇಂದ್ರವನ್ನು ಗುರುತು ಮಾಡಿದ ನಕ್ಷೆ ಕೊಟ್ಟು, ‘ನಿಮ್ಮ ವಾರದ ತರಗತಿಗಳ ನಡುವೆ ಯಾವಾಗ, ಯಾವ ದಾರಿಯಲ್ಲಿ ಹೋಗುತ್ತೀರಿ ಎಂದು ಯೋಚಿಸಿ’ ಎಂದರು. ಆ ಗುಂಪಿನಲ್ಲಿ ಹೋದವರು ನೂರಕ್ಕೆ ಸುಮಾರು 28. ಅವರೆಲ್ಲ ಕೊನೆಯ ವರ್ಷದವರು, ಆರೋಗ್ಯ ಕೇಂದ್ರ ಎಲ್ಲಿದೆಯೆಂಬುದು ಮೊದಲೇ ಗೊತ್ತಿದ್ದವರು. ಸ್ವಲ್ಪ ಎಚ್ಚರಿಕೆ ಎರಡೂ ಗುಂಪಿಗೆ ಬೇಕಿತ್ತು, ಆದರೆ ಭಯವನ್ನು ಹೆಚ್ಚಿಸಿದ್ದರಿಂದ ಕಾಲು ಮುಂದೆ ಬರಲಿಲ್ಲ. ದಿನ, ಹೊತ್ತು, ದಾರಿ ಗೊತ್ತುಮಾಡಿಕೊಂಡದ್ದರಿಂದ ಬಂತು.

ನಿಮ್ಮ ಎಣ್ಣೆಯ ಬಾಟಲಿಗೂ ಅಂಥದೊಂದು ಜಾಗ ಬೇಕು. ಅಟ್ಟದ ಮೇಲಿರುವ ಬಾಟಲಿಯನ್ನು ಕಾಡಿಗೆ ಹೊರಡುವವರು ಮರೆಯುತ್ತಾರೆ. ಕತ್ತಿ ಸಿಕ್ಕಿಸುವ ಗೂಟದ ಪಕ್ಕದಲ್ಲೇ ಒಂದು ಮೊಳೆ ಹೊಡೆಸಿ, ಬಾಟಲಿಗೆ ದಾರ ಕಟ್ಟಿ ನೇತುಹಾಕಿಸಿ. ಕತ್ತಿ ಕೈಗೆ ಬರುವಾಗ ಎಣ್ಣೆಯೂ ಕಣ್ಣಿಗೆ ಬೀಳಲಿ. ಮೊದಲ ದಿನ ನೀವೇ ಮುಂದೆ ನಿಂತು, ಮೊಣಕಾಲಿನವರೆಗೆ, ಮೊಣಕೈಯವರೆಗೆ ಹಚ್ಚಿಸಿ ತೋರಿಸಿ. ಕಾಡಿನಿಂದ ಬಂದವರು ಬಟ್ಟೆಯನ್ನು ಒಳಗೆ ತರದೆ ಬಚ್ಚಲಿನಲ್ಲೇ ಬಿಚ್ಚಿ ಬಿಸಿನೀರಿಗೆ ಹಾಕಬೇಕು. ಮಲೆನಾಡಿನ ಬಚ್ಚಲೊಲೆಯಲ್ಲಿ ಬಿಸಿನೀರಿಗೆ ಬರವಿಲ್ಲವಾದ್ದರಿಂದ ಇದು ಎಲ್ಲರಿಂದಲೂ ಆಗುವ ಕೆಲಸ. ಸ್ನಾನ ಮಾಡುವಾಗ ಕಂಕುಳು, ತೊಡೆಸಂದು, ಕಿವಿಯ ಹಿಂದೆ ಮುಟ್ಟಿ ನೋಡಿಕೊಳ್ಳಬೇಕು. ಜ್ವರ, ತಲೆನೋವು, ಮೈ ಮುರಿದಂಥ ನೋವು ಬಂದರೆ ಅಂಗಡಿಯ ಮಾತ್ರೆ ನುಂಗಿ ಕೂರದೆ ಅದೇ ದಿನ ರಕ್ತ ಕೊಡಬೇಕು. ಇದಕ್ಕೆ ನಿರ್ದಿಷ್ಟ ಔಷಧಿ ಇಲ್ಲದಿದ್ದರೂ, ರೋಗ ಹತ್ತಿದ ನೂರರಲ್ಲಿ ಮೂರರಿಂದ ಐದು ಜನ ಸಾಯುವ ಈ ಕಾಯಿಲೆಯಲ್ಲಿ ಬೇಗ ಬಂದವರನ್ನು ಉಳಿಸಿಕೊಳ್ಳುವುದು ಸುಲಭ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಎಂಬುದನ್ನು ಒತ್ತಿ ಹೇಳಿ. ಆ ಭಯಕ್ಕೇ ಕೆಲವರು ಜ್ವರವನ್ನು ಮುಚ್ಚಿಡುತ್ತಾರೆ.

ಹಳೆಯ ಲಸಿಕೆಯ ವಿಷಯದಲ್ಲಿ ಜನರನ್ನು ನಾನು ಪೂರ್ತಿಯಾಗಿ ದೂರಲಾರೆ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳಿಗೆ ಇನ್ನೊಂದು, ಆಮೇಲೆ ವರ್ಷವರ್ಷವೂ ಒಂದು ಎಂಬ ಲೆಕ್ಕ ಅದರದು. ಚುಚ್ಚಿದ ಜಾಗದ ನೋವಿಗೆ ಕೂಲಿಯೂ ತಪ್ಪುತ್ತಿತ್ತು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಡೋಸಿಗೆ ಸುಮಾರು ಶೇಕಡಾ 62ರಷ್ಟು, ಬೂಸ್ಟರ್ ಎಂಬ ಮುಂದಿನ ಡೋಸೂ ಸೇರಿದರೆ ಶೇಕಡಾ 83ರಷ್ಟು ರಕ್ಷಣೆ ಕಂಡಿತ್ತು. ನಾವು ಮಾತ್ರ ‘ಹಾಕಿಸಿಕೊಂಡರೆ ಬರುವುದೇ ಇಲ್ಲ’ ಎಂದು ಹೇಳಿಬಿಟ್ಟಿದ್ದೆವು. ಹಾಕಿಸಿಕೊಂಡ ಒಬ್ಬರಿಗೆ ಜ್ವರ ಬಂದಾಗ ಊರಿಡೀ ನಮ್ಮ ಮಾತನ್ನು ಬಿಟ್ಟಿತು. ಆ ಲಸಿಕೆ ನಿಂತು, ಈಗ ಹೊಸ ಲಸಿಕೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮುಂದಾಗಿದೆ. ಅದು ಬಂದ ದಿನ ನೋವು ಎಷ್ಟು, ರಕ್ಷಣೆ ಎಷ್ಟು ಎಂಬುದನ್ನು ಇದ್ದದ್ದು ಇದ್ದ ಹಾಗೆ ಮೊದಲೇ ಹೇಳಲು ನಿಮ್ಮ ಮೇಲಿನವರಿಂದ ಮಾಹಿತಿ ಕೇಳಿ ಪಡೆಯಿರಿ. ಜನ ಸಾಯಲೆಂದು ಯಾರೂ ಹೀಗೆ ಮಾಡುವುದಿಲ್ಲ ತಾಯಿ.

ಪ್ರಶ್ನೆ: ನನಗೆ 68. ಬಿಪಿ ಮಾತ್ರೆ ಆರು ತಿಂಗಳು ನುಂಗಿದೆ. ಈಗ ಅಳತೆ ಸರಿಯಾಗಿ ಬಂದಿದೆ, ತಲೆಸುತ್ತೂ ಇಲ್ಲ. ಹಾಗಾಗಿ ಬಿಟ್ಟಿದ್ದೇನೆ. ಮಗಳು ಬೈಯುತ್ತಾಳೆ. (ಚಿತ್ರದುರ್ಗ)

ಉತ್ತರ: ಮಗಳು ಹೇಳುವುದೇ ಸರಿ. ತೂಬು ಮುಚ್ಚಿದ್ದಕ್ಕೆ ಕೆರೆಯಲ್ಲಿ ನೀರು ನಿಂತಿರುತ್ತದೆ. ನೀರು ನಿಂತಿದೆಯಲ್ಲ ಎಂದು ತೂಬು ತೆಗೆಯುತ್ತೇವೆಯೇ? ನೋವು ಇದ್ದರೆ ಕಾಯಿಲೆ, ನೋವು ಹೋದರೆ ಗುಣ ಎಂಬ ಲೆಕ್ಕ ಜ್ವರಕ್ಕೆ, ಗಾಯಕ್ಕೆ ಸರಿ. ಬಿಪಿಗೆ ಅದು ಹೊಂದುವುದಿಲ್ಲ, ಏಕೆಂದರೆ ಬಹಳಷ್ಟು ಜನರಲ್ಲಿ ಅದು ಲಕ್ವ ಹೊಡೆಯುವವರೆಗೂ ಸದ್ದು ಮಾಡುವುದಿಲ್ಲ. ಇವತ್ತೇ ನಿಮ್ಮ ವೈದ್ಯರಿಗೆ ತಿಳಿಸಿ ಮತ್ತೆ ಶುರು ಮಾಡಿ. ಮಾತ್ರೆಯ ಪಟ್ಟಿಯನ್ನು ಬೆಳಿಗ್ಗೆ ಕಾಫಿ ಪುಡಿಯ ಡಬ್ಬಿಯ ಮೇಲೆ ಇಡಿ, ಉಪ್ಪಿನಕಾಯಿ ಜಾಡಿಯನ್ನು ಊಟದ ಜಾಗದಿಂದ ದೂರ ಇಡಿ. ದಿನಕ್ಕೆ ಎಲ್ಲ ಸೇರಿ ಐದು ಗ್ರಾಂ, ಎಂದರೆ ಸುಮಾರು ಒಂದು ಟೀ ಚಮಚೆಗಿಂತ ಹೆಚ್ಚು ಉಪ್ಪು ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕ. ಒಂಬತ್ತನೇ ತರಗತಿಯ ಹುಡುಗರ ಜೇಬಿನಲ್ಲಿ ಪಾನ್ ಮಸಾಲಾ, ತಂಬಾಕಿನ ಚೀಟಿಗಳು ಸಿಗುತ್ತವೆ. ಅವುಗಳ ಮೇಲೆ ನೋಡಲಾಗದಂಥ ಬಾಯಿ ಕ್ಯಾನ್ಸರಿನ ಚಿತ್ರ ಇರುತ್ತದೆ. ಆ ಭಾಗವನ್ನೇ ಹರಿದು ಎಸೆದು ಬಾಯಿಗೆ ಹಾಕಿಕೊಳ್ಳುತ್ತಾರೆ. ಈ ಚಿತ್ರಗಳಿಂದ ಉಪಯೋಗವಿದೆಯೇ?

ಉತ್ತರ: ಉಪಯೋಗವಿದೆ, ಆದರೆ ಚಿತ್ರವೊಂದರಿಂದಲೇ ಅಲ್ಲ. 2009ರಲ್ಲಿ ಮೊದಲ ಸಲ ಚಿತ್ರ ಎಚ್ಚರಿಕೆ ಬಂದಾಗ ಜಗಿಯುವ ತಂಬಾಕಿನ ಮೇಲೆ ಚೇಳಿನ ಚಿತ್ರ ಹಾಕಿದ್ದರು. ಚೇಳಿಗೂ ಬಾಯಿಗೂ ಏನು ಸಂಬಂಧ ಎಂದು ಜನರಿಗೆ ತಿಳಿಯಲಿಲ್ಲ. 2016ರ ಏಪ್ರಿಲ್‌ನಿಂದ ಎರಡೂ ಬದಿಯ ಶೇಕಡಾ 85 ಭಾಗವನ್ನು ಎಚ್ಚರಿಕೆ ಆವರಿಸಬೇಕೆಂಬ ನಿಯಮ ಜಾರಿಯಾಯಿತು. 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿ ದೊಡ್ಡ ಚಿತ್ರಗಳನ್ನು ಉಳಿಸಿತು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು 2018ರಲ್ಲಿ ಆಯಿತು: ಚಿತ್ರದ ಜೊತೆಗೆ ತಂಬಾಕು ಬಿಡಲು ನೆರವಾಗುವ 1800-11-2356 ಎಂಬ ಉಚಿತ ದೂರವಾಣಿ ಸಂಖ್ಯೆಯನ್ನೂ ಅಚ್ಚು ಹಾಕಿದರು. ಕನ್ನಡದಲ್ಲಿ ಮಾತನಾಡಿ ನೆರವಾಗುವ ಆಪ್ತ ಸಮಾಲೋಚಕರು ನಿಮ್ಹಾನ್ಸ್‌ನ ಕೇಂದ್ರದಲ್ಲಿದ್ದಾರೆ. ಕರ್ನಾಟಕದಲ್ಲಿ ತಂಬಾಕು ಬಳಸುವ ವಯಸ್ಕರು 2009–10ರ ಸಮೀಕ್ಷೆಯಲ್ಲಿ ಶೇಕಡಾ 28.2 ಇದ್ದದ್ದು 2016–17ರಲ್ಲಿ 22.8ಕ್ಕೆ ಇಳಿಯಿತು. ಇದು ಯಾವುದೇ ಒಂದು ಕ್ರಮದಿಂದ ಆದದ್ದಲ್ಲ, ಆದರೂ ಎಚ್ಚರಿಕೆ ಯಾರನ್ನೂ ಮುಟ್ಟುವುದಿಲ್ಲ ಎಂಬ ನಿರಾಶೆಗೆ ಕಾರಣವಿಲ್ಲ.

ಹದಿನಾಲ್ಕು ವರ್ಷದ ಹುಡುಗನಿಗೆ ಮೂವತ್ತು ವರ್ಷದ ಆಚೆಯ ಕ್ಯಾನ್ಸರ್ ಬೇರೆ ಯಾರದೋ ಕಥೆ. ಅವನಿಗೆ ಇವತ್ತಿನದನ್ನು ತೋರಿಸಿ. ತರಗತಿಯಲ್ಲಿ ಎಲ್ಲರಿಗೂ ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ಬಾಯೊಳಗೆ ಇಡಲು ಹೇಳಿ. ಅಡಿಕೆ ಜಗಿದು ಕೆನ್ನೆಯ ಒಳಪದರ ಗಟ್ಟಿಯಾಗತೊಡಗಿದವನಿಗೆ ಮೂರು ಬೆರಳು ಹೋಗುವುದಿಲ್ಲ. ಅದಕ್ಕೂ ಮೊದಲು ಖಾರದ ಸಾರು ತಿಂದರೆ ಬಾಯಿ ಉರಿಯುತ್ತದೆ. ‘ರೊಟ್ಟಿಗೆ ಖಾರದ ಚಟ್ನಿ ಹಚ್ಚಿಕೊಂಡು ತಿನ್ನಲು ಯಾರಿಗೆ ಆಗುತ್ತಿಲ್ಲ?’ ಎಂದು ಕೇಳಿದರೆ ಒಂದೆರಡು ಕೈ ತಾವಾಗಿಯೇ ಅರ್ಧ ಮೇಲೇಳುತ್ತವೆ. ಆ ಮಕ್ಕಳನ್ನು ಎಲ್ಲರೆದುರು ನಿಲ್ಲಿಸಿ ನಾಚಿಸಬೇಡಿ, ಆಮೇಲೆ ಒಬ್ಬೊಬ್ಬರನ್ನೇ ಕರೆದು ಹಲ್ಲಿನ ವೈದ್ಯರ ಬಳಿಗೆ ಕಳಿಸಿ. ತಂಬಾಕು ಇಲ್ಲದ ಬರಿಯ ಅಡಿಕೆಯೇ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಎರಡು ದಶಕದ ಹಿಂದೆಯೇ ನಿರ್ಧರಿಸಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ಹೇಳಲು ಕಷ್ಟವಾದ ಮಾತಿದು, ಸಾವಿರಾರು ಕುಟುಂಬಗಳ ಅನ್ನ ಅದರಲ್ಲಿದೆ ಎಂಬುದು ನನಗೆ ಗೊತ್ತು. ಆದರೂ ಮಕ್ಕಳ ಬಾಯಿಯ ವಿಷಯದಲ್ಲಿ ಮುಚ್ಚಿಡಲಾರೆ. ರಾಜ್ಯದಲ್ಲಿ ಗುಟ್ಕಾ 2013ರಿಂದ ನಿಷೇಧವಾಗಿದ್ದರೂ ಮಸಾಲೆಯೂ ತಂಬಾಕೂ ಬೇರೆ ಬೇರೆ ಚೀಟಿಯಲ್ಲಿ ಬಂದು ಹುಡುಗರ ಅಂಗೈಯಲ್ಲಿ ಒಂದಾಗುತ್ತಿವೆ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂಬ ಕಾನೂನು ನಿಮ್ಮ ಕೈಯಲ್ಲಿದೆ. ಗೇಟಿನ ಎದುರಿನ ಅಂಗಡಿಯವರ ಜೊತೆ ಮುಖ್ಯೋಪಾಧ್ಯಾಯರನ್ನು ಕರೆದುಕೊಂಡು ಹೋಗಿ ಮಾತನಾಡಿ.

ಪ್ರಶ್ನೆ: ನಮ್ಮ ಮಗುವಿಗೆ ಒಂಬತ್ತು ತಿಂಗಳು ತುಂಬಿತು. ದಡಾರ–ರುಬೆಲ್ಲಾ ಚುಚ್ಚುಮದ್ದು ಬೇಡವೆಂದು ಅತ್ತೆ ಹಠ ಹಿಡಿದಿದ್ದಾರೆ. ಮುಂದೆ ಮಕ್ಕಳಾಗುವುದಿಲ್ಲ ಎಂಬ ಸಂದೇಶ ಅವರ ಮೊಬೈಲಿಗೆ ಬಂದಿದೆ. ಜಗಳವಿಲ್ಲದೆ ಒಪ್ಪಿಸುವುದು ಹೇಗೆ? (ರಾಮನಗರ)

ಉತ್ತರ: ಆ ಸಂದೇಶ ಹೊಸದೇನಲ್ಲ. 2017ರ ಫೆಬ್ರುವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಈ ಲಸಿಕೆಯ ಅಭಿಯಾನ ಶುರುವಾದಾಗಲೂ ಇಂಥ ಗಾಳಿಮಾತುಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ್ದವು. ಅದು ಸುಳ್ಳು. ಆದರೆ ಮನೆಯಲ್ಲಿ ಆ ಸುಳ್ಳನ್ನೇ ಹಿಡಿದು ವಾದಿಸುತ್ತ ಕೂತರೆ ಅದೇ ಹತ್ತು ಸಲ ಕಿವಿಗೆ ಬಿದ್ದು ಇನ್ನಷ್ಟು ಗಟ್ಟಿಯಾಗುತ್ತದೆ. ಅತ್ತೆಯವರನ್ನು ಬೇರೆಯದೇ ಒಂದು ಪ್ರಶ್ನೆ ಕೇಳಿ: ‘ಅಮ್ಮಾ, ನಿಮ್ಮ ಕಾಲದಲ್ಲಿ ಮಕ್ಕಳಿಗೆ ದಡಾರ ಎದ್ದಾಗ ಹೇಗಿರುತ್ತಿತ್ತು?’ ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದು, ಬೀದಿಯಲ್ಲಿ ಒಂದು ಮಗುವಿಗೆ ಎದ್ದರೆ ಎಲ್ಲ ಮಕ್ಕಳಿಗೂ ಎದ್ದದ್ದು, ಆಮೇಲೆ ಭೇದಿಗೋ ಕಫಕ್ಕೋ ಹೋದ ಮಗುವಿನ ಹೆಸರು ಅವರಿಗೆ ಖಂಡಿತ ನೆನಪಿರುತ್ತದೆ. ಲಸಿಕೆಯಿಂದಾಗಿ ಆ ಕಾಯಿಲೆ ನಮ್ಮ ಕಣ್ಣಿಗೆ ಕಾಣದಂತಾಗಿದೆ. ಕಾಣದ ಕಾಯಿಲೆಗಿಂತ ಕಾಣುವ ಸೂಜಿಯೇ ದೊಡ್ಡದೆನಿಸುತ್ತದೆ.

ಅವರ ಮನಸ್ಸಿನಲ್ಲಿ ಇನ್ನೊಂದು ಅಳುಕೂ ಇರಬಹುದು. ತಾವು ಒಪ್ಪಿ ಹಾಕಿಸಿದ ಚುಚ್ಚುಮದ್ದಿನಿಂದ ಮೊಮ್ಮಗುವಿಗೆ ಏನಾದರೂ ಆದರೆ ಅದು ತಮ್ಮ ತಪ್ಪು, ಹಾಕಿಸದೆ ದಡಾರ ಬಂದರೆ ಅದು ದೈವದ್ದು ಎಂದು ಬಹಳ ಜನರಿಗೆ ಅನಿಸುತ್ತದೆ. ಈ ಹೊರೆಯನ್ನು ಅವರಿಂದ ಇಳಿಸಿ. ‘ಹಾಕಿಸುವ ತೀರ್ಮಾನ ನಮ್ಮಿಬ್ಬರದು, ನೀವು ಜೊತೆಗಿದ್ದರೆ ಮಗು ಅಳುವುದಿಲ್ಲ’ ಎಂದು ಹೇಳಿ ಅವರನ್ನೂ ಕರೆದುಕೊಂಡು ಹೋಗಿ. ಚುಚ್ಚಿದ ಒಂದು ವಾರದ ನಂತರ ಕೆಲವು ಮಕ್ಕಳಿಗೆ ಒಂದೆರಡು ದಿನ ಸಣ್ಣ ಜ್ವರ, ಮೈಮೇಲೆ ತೆಳುವಾದ ಗಂದೆ ಬರಬಹುದು. ಅದನ್ನು ಮೊದಲೇ ಹೇಳಿಟ್ಟಿರಿ, ಇಲ್ಲದಿದ್ದರೆ ಆ ಜ್ವರದ ದಿನ ಮೊಬೈಲಿನ ಮಾತೇ ನಿಜವಾಯಿತು ಎಂದುಕೊಳ್ಳುತ್ತಾರೆ. ಎರಡನೆಯ ಡೋಸು 16ರಿಂದ 24 ತಿಂಗಳ ನಡುವೆ ಇದೆ. ಅದರ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಂಡು ಬಂದು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅತ್ತೆಯವರ ಕೈಯಿಂದಲೇ ಗುರುತು ಹಾಕಿಸಿ.